ಹನ್ನೆರಡು ಮುಖವಾಡ, ಒಬ್ಬಳು ಸೊಸೆ

ಕಟ್ಟುಹಲ್ಲು ಮಾಡುವವನ ಬಾಳು ಒಂದು ಬಗೆಯಲ್ಲಿ ಕಳ್ಳನ ಬಾಳು. ಕೆಲಸ ಎಷ್ಟು ಚೆನ್ನಾಗಿ ಆಗಿದೆಯೋ ಅಷ್ಟರಮಟ್ಟಿಗೆ ಅದು ಯಾರ ಕಣ್ಣಿಗೂ ಬೀಳಬಾರದು. ಇಪ್ಪತ್ತಾರು ವರ್ಷಗಳಲ್ಲಿ ಊರಿನ ಅರ್ಧ ಜನರ ಬಾಯೊಳಗೆ ತನ್ನ ಕೈಚಳಕವನ್ನು ಇಟ್ಟು ಕಳಿಸಿದ್ದ ಹಲ್ಲಿನವನಿಗೆ, ಬೀದಿಯಲ್ಲಿ ಯಾರಾದರೂ ಬಾಯ್ತುಂಬ ನಕ್ಕರೆ ಒಳಗೊಳಗೇ ಹೆಮ್ಮೆ. ಆದರೆ ಆ ನಗು ನನ್ನದು ಎಂದು ಹೇಳಿಕೊಳ್ಳುವುದು ಯಾರ ಬಳಿ? ಹೇಳಿದ ಮರುದಿನದಿಂದಲೇ ನಕ್ಕವನು ಅವನನ್ನು ಕಂಡು ರಸ್ತೆ ದಾಟುತ್ತಿದ್ದ. ಹೀಗಿರುವಾಗ ಒಂದು ಸಂಜೆ ಅಕ್ಕ ಅವನ ಕೆಲಸದ ಕೋಣೆಗೆ ಬಂದು, ಪ್ಲಾಸ್ಟರಿನ ದವಡೆಗಳ ಸಾಲನ್ನು ಮೊಣಕೈಯಿಂದ ಸರಿಸಿ ಜಾಗ ಮಾಡಿಕೊಂಡು ಮೇಜಿನ ಮೇಲೆ ಕೂತು, ನಮ್ಮ ನಾಟಕಕ್ಕೆ ಮುಖವಾಡಗಳು ಬೇಕು ಎಂದಳು. ಅವನು ಎಷ್ಟು, ಏಕೆ ಎಂದು ಕೇಳುವ ಮೊದಲೇ ಒಪ್ಪಿಬಿಟ್ಟ. ಹಲ್ಲಲ್ಲ, ಇಡೀ ಮುಖ. ಅದೂ ದೀಪದ ಕೆಳಗೆ, ಮುನ್ನೂರು ಜನರೆದುರು. ಆ ರಾತ್ರಿ ಅವನು ಊಟದ ತಟ್ಟೆಯ ಮುಂದೆ ಕೂತೂ ಅಗಿಯುವುದನ್ನು ಮರೆತಿದ್ದನಂತೆ.

ಅಕ್ಕ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿದ್ದಳು. ಇಪ್ಪತ್ತೆರಡು ವರ್ಷಗಳಿಂದ ಚಿಕ್ಕ ಕಿಟಕಿಯೊಂದರ ಹಿಂದೆ ಕೂತು, ನಲ್ಲಿ ಒಣಗಿದವರ ಬೈಗುಳವನ್ನೆಲ್ಲ ಕೇಳಿ, "ಪರಿಶೀಲಿಸ್ತೀವಿ" ಎಂಬ ಒಂದೇ ಮಾತನ್ನು ನಾನಾ ರಾಗಗಳಲ್ಲಿ ಹೇಳಿ ಅವಳ ಗಂಟಲು ಪಳಗಿತ್ತು. ಹವ್ಯಾಸಿ ನಾಟಕ ತಂಡದಲ್ಲೂ ಅವಳಿಗೆ ಅಷ್ಟೇ ವರ್ಷಗಳ ಸೇವೆ: ದಾಸಿ, ನೆರೆಮನೆಯವಳು, ಮತ್ತೆ ದಾಸಿ, ಒಮ್ಮೆ ಬಾಗಿಲಾಚೆಯ ಧ್ವನಿ. ಈಗ ಐವತ್ತೊಂದನೆಯ ವಯಸ್ಸಿನಲ್ಲಿ, ಹಳೆಯ ನಾಯಕಿ ಮಗಳ ಬಾಣಂತನಕ್ಕೆಂದು ಪರವೂರಿಗೆ ಹೋದ ಪುಣ್ಯದಿಂದ, ಅವಳಿಗೆ ರಾಣಿಯ ಪಾತ್ರ ಸಿಕ್ಕಿತ್ತು. ಇದು ಕೈತಪ್ಪಿದರೆ ಮುಂದಿನದು ಅಜ್ಜಿಯ ಪಾತ್ರವೇ ಎಂಬುದು ಅವಳಿಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು.

ನಾಟಕ ಎರಡೂವರೆ ಸಾವಿರ ವರ್ಷ ಹಳೆಯದು, ಗ್ರೀಕರದು, ದುರಂತ. ಊರಿಗೆ ಪಿಡುಗು ಬರುತ್ತದೆ. ರಾಣಿ ಕೋಟೆಯ ಬಾಗಿಲು ಹಾಕಿಸುತ್ತಾಳೆ. ಹೊರಗುಳಿದವರು ಹೊರಗೇ ಸಾಯುತ್ತಾರೆ. ಊರ ಹಿರಿಯರ ಮೇಳದೆದುರು ನಿಂತು ಅವಳು ತಾನು ಮಾಡಿದ್ದು ಸರಿ ಎಂದು ವಾದಿಸುತ್ತಿರುವಾಗಲೇ, ಸತ್ತವರಲ್ಲಿ ಅವಳ ಮಗಳೂ ಇದ್ದಳೆಂಬ ಸುದ್ದಿ ತಲುಪುತ್ತದೆ. ರಾಣಿ ಅದೇ ಹಿರಿಯರ ಮುಂದೆ ಮಂಡಿಯೂರಿ ಕುಸಿಯುತ್ತಾಳೆ. ಮೇಳದ ಹನ್ನೆರಡು ಜನಕ್ಕೂ ಒಂದೇ ಮುಖವಾಡ ಬೇಕು, ಮೈಗಳು ಬೇರೆ ಬೇರೆಯಾದರೂ ಊರು ಒಂದೇ ಎಂದು ತೋರಬೇಕು ಎಂಬುದು ನಿರ್ದೇಶಕಿಯ ಹಟ.

ಆ ನಿರ್ದೇಶಕಿ ಹಿಂದೆ ಈಜು ಕಲಿಸುತ್ತಿದ್ದವಳು. ಈಗ ನಟರಿಗೆ ಮೈ ಕಲಿಸುತ್ತಿದ್ದಳು. ಮುಖವಾಡ ಅಳುವುದಿಲ್ಲ, ನಗುವುದಿಲ್ಲ. ಮಾತಾಡುವುದು ಕತ್ತು ಮತ್ತು ಬೆನ್ನು ಎಂದು ದಿನಕ್ಕೆ ನೂರು ಸಲ ಹೇಳುತ್ತಿದ್ದುದರಿಂದ ತಂಡದವರೆಲ್ಲ ಅವಳನ್ನು ಬೆನ್ನ ಹಿಂದೆ ಕತ್ತು ಮೇಡಂ ಎಂದೇ ಕರೆಯುತ್ತಿದ್ದರು. ಅವಳು ಹಲ್ಲಿನವನನ್ನು ಕೂರಿಸಿಕೊಂಡು ಹೇಳಿದ ಬೇಡಿಕೆ ಇಷ್ಟೇ: ಸಂತೋಷವೂ ಇಲ್ಲದ, ದುಃಖವೂ ಇಲ್ಲದ, ಕೋಪವೂ ಇಲ್ಲದ ಒಂದು ಮುಖ. ಏನೂ ಹೇಳದ ಮುಖ.

ಹಲ್ಲಿನವನು ಯೋಚಿಸುವ ಕಷ್ಟವನ್ನೇ ತೆಗೆದುಕೊಳ್ಳಲಿಲ್ಲ. ಅಂಥದೊಂದು ಮುಖ ಅಕ್ಕನ ಮನೆಯಲ್ಲೇ ಇತ್ತು. ಭಾವನ ಮುಖ.

ಭಾವ ಅಂಗಡಿಗಳ ತಕ್ಕಡಿ, ತೂಕದ ಬಟ್ಟುಗಳನ್ನು ಪರೀಕ್ಷಿಸುವ ಇನ್‌ಸ್ಪೆಕ್ಟರು. ಬಟ್ಟು ಸರಿಯಿದ್ದರೂ ಅದೇ ಮುಖ, ಐವತ್ತು ಗ್ರಾಂ ಕಮ್ಮಿಯಿದ್ದರೂ ಅದೇ ಮುಖ. ಅಂಗಡಿಯವರು ಆ ಮುಖ ನೋಡಿ ನೋಡಿ ತಾವಾಗಿಯೇ ತಪ್ಪೊಪ್ಪಿಕೊಂಡ ಪ್ರಸಂಗಗಳು ಇಲಾಖೆಯಲ್ಲಿ ಹೆಸರಾಗಿದ್ದವು. ಮದುವೆಯ ದಿನದ ಫೋಟೊದಲ್ಲೂ, ಅದೇ ವರ್ಷ ಸೈಕಲ್ಲಿನಿಂದ ಬಿದ್ದು ಕೈ ಮುರಿದಾಗಿನ ಫೋಟೊದಲ್ಲೂ ಭಾವನ ಮುಖ ಒಂದೇ. ಪಟ್ಟಿ ಕಟ್ಟಿದ ಕೈ ನೋಡಿಯೇ ಯಾವುದು ಯಾವುದೆಂದು ತಿಳಿಯಬೇಕು. ಒಂದು ಭಾನುವಾರ, ಅಕ್ಕ ತಾಲೀಮಿಗೆ ಹೋಗಿದ್ದಾಗ, ಭಾವನನ್ನು ಕೆಲಸದ ಕೋಣೆಯ ಬೆಂಚಿನ ಮೇಲೆ ಮಲಗಿಸಿ, ದವಡೆಯ ಅಚ್ಚು ತೆಗೆಯುವ ಗುಲಾಬಿ ಬಣ್ಣದ ಪುಡಿಯನ್ನು ಕಲಸಿ ಮುಖಕ್ಕೆ ಮೆತ್ತಿದ. ಮೂಗಿನ ಹೊಳ್ಳೆಗಳನ್ನಷ್ಟೇ ಬಿಟ್ಟು, ಅದರ ಮೇಲೆ ಪ್ಲಾಸ್ಟರು ಹಾಕಿ ಅರ್ಧ ಗಂಟೆ ಕಾದ. ಭಾವ ಎಷ್ಟು ನಿಶ್ಚಲವಾಗಿದ್ದನೆಂದರೆ, ಹಲ್ಲಿನವನು ಎರಡು ಬಾರಿ ಅವನ ಮೂಗಿನ ಕೆಳಗೆ ಬೆರಳಿಟ್ಟು ಉಸಿರಿದೆಯೇ ಎಂದು ನೋಡಬೇಕಾಯಿತು. ಎದ್ದ ಮೇಲೆ ಭಾವ ಮುಖ ತೊಳೆದುಕೊಂಡು ಮನೆಗೆ ಹೋದ. ಹೆಂಡತಿಗೆ ಏನೂ ಹೇಳಲಿಲ್ಲ, ಅವಳು ಕೇಳಲಿಲ್ಲವಲ್ಲ.

ಆ ಅಚ್ಚಿನ ಮೇಲೆ ಕಾಗದ, ಅಂಟು, ಬಟ್ಟೆ, ಮತ್ತೆ ಕಾಗದ. ಹದಿನೈದು ದಿನಗಳಲ್ಲಿ ಹನ್ನೆರಡು ಮುಖವಾಡಗಳು ಒಣಗಿ ನಿಂತವು. ಧ್ವನಿ ಹೊರಬರಲೆಂದು ಬಾಯಿ ಕೊರೆದು, ಸುಣ್ಣದ ಬಣ್ಣ ಬಳಿದ. ಬಣ್ಣ ಬಿದ್ದ ಮೇಲೆ ಭಾವನನ್ನು ಯಾರೂ ಗುರುತಿಸಲಾರರು ಎಂದು ಅವನ ನಂಬಿಕೆ. ಸ್ವಂತ ಹೆಂಡತಿ ಗುರುತಿಸುವಳೆಂಬ ಅನುಮಾನ ಅವನಿಗೇಕೆ ಬರಲಿಲ್ಲವೆಂದರೆ, ಅವನು ಬ್ರಹ್ಮಚಾರಿ.

ತಾಲೀಮು ನಡೆಯುತ್ತಿದ್ದುದು ಮುಚ್ಚಿಹೋದ ಬಟ್ಟೆ ಗೋದಾಮಿನಲ್ಲಿ. ಮೇಳದಲ್ಲಿ ಕಾರು ಕಲಿಸುವವನಿದ್ದ, ಇಬ್ಬರು ನರ್ಸುಗಳಿದ್ದರು, ಬ್ಯಾಂಕಿನ ಕಾವಲುಗಾರನಿದ್ದ, ಗಡಿಯಾರ ರಿಪೇರಿಯವನಿದ್ದ. ಕತ್ತು ಮೇಡಂ ಅವರಿಗೆಲ್ಲ ಒಂದೇ ನಿಯಮ ಹಾಕಿದ್ದಳು: ಹನ್ನೆರಡು ಜನ, ಒಂದೇ ಉಸಿರು. ಒಬ್ಬರು ಹೆಜ್ಜೆ ತಪ್ಪಿದರೆ ಉಳಿದ ಹನ್ನೊಂದೂ ಅದೇ ತಪ್ಪನ್ನು ಮಾಡಬೇಕು. ಆಗ ಅದು ತಪ್ಪಲ್ಲ, ನೃತ್ಯ. ಅವತ್ತು ಮೊದಲ ಬಾರಿಗೆ ಮುಖವಾಡ ಕಟ್ಟಿಕೊಂಡು ಹನ್ನೆರಡು ಜನ ಅರ್ಧಚಂದ್ರದಂತೆ ನಿಂತು, ಒಟ್ಟಿಗೆ ಕತ್ತೆತ್ತಿ ರಾಣಿಯನ್ನು ನೋಡಿದರು.

ರಾಣಿ ಬಾಯಿ ತೆರೆದಳು. ಮಾತು ಬರಲಿಲ್ಲ. ಮತ್ತೆ ತೆರೆದಳು. "ನಗರದ ಹಿರಿಯರೇ" ಎನ್ನಬೇಕಾದವಳು ಸಣ್ಣ ದನಿಯಲ್ಲಿ, ಗ್ಯಾಸ್ ಆಫ್ ಮಾಡಿಯೇ ಬಂದಿದೀನಿ ಎಂದಳು.

ಅಕ್ಕ ಗಂಡನನ್ನು ಗುರುತಿಸಿದ್ದಾಳೆಂದು ಹಲ್ಲಿನವನಿಗೆ ಅಲ್ಲೇ ಅರ್ಥವಾಯಿತು.

ಮರುದಿನವೂ ಅದೇ ಪಾಡು, ಅದರ ಮರುದಿನವೂ ಅದೇ. ಪ್ರದರ್ಶನಕ್ಕೆ ಎಂಟು ದಿನವಿತ್ತು. ಅಕ್ಕ ತಮ್ಮನ ಕೋಣೆಗೆ ಬಂದು, ಈ ಸಲ ಮೇಜಿನ ಮೇಲಲ್ಲ, ಗಿರಾಕಿಗಳು ಬಾಯಿ ತೆರೆದು ಕೂರುವ ಕುರ್ಚಿಯಲ್ಲೇ ಕೂತಳು.

"ಬೇರೆ ಯಾರೂ ಸಿಗಲಿಲ್ವೇನೋ ನಿನಗೆ?"

ಅವನು, ಭಾವ ಅಲುಗಾಡುವುದಿಲ್ಲ ಎಂದು ತೊದಲಿದ.

"ಅದು ನನಗೆ ಗೊತ್ತಿಲ್ವಾ? ಇಪ್ಪತ್ತೇಳು ವರ್ಷದಿಂದ ಅದೇ ಮುಖದ ಮುಂದೆ ಒಬ್ಬಳೇ ಮಾತಾಡ್ತಿದೀನಿ. ಸೀರೆ ಹೇಗಿದೆ ಅಂದ್ರೂ ಅದೇ, ಮನೆ ಸೋರ್ತಿದೆ ಅಂದ್ರೂ ಅದೇ. ಹೊರಗೆ ಬಂದು ನಾಟಕ ಮಾಡೋದೇ ಯಾಕೆ ಅಂತ ತಿಳ್ಕೊಂಡಿದ್ದೆ? ಇಲ್ಲಿ ಆ ಮುಖ ಇರಲ್ಲ ಅಂತ. ನೀನು ಡಜನ್ನು ಮಾಡಿ ನಿಲ್ಲಿಸಿದೀಯ."

ಅವಳು ಕಣ್ಣೀರು ಹಾಕಲಿಲ್ಲ; ಹಾಕಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಇನ್ನು ಎರಡು ದಿನ ನೋಡುತ್ತೇನೆ, ಬಾಯಿ ಕಟ್ಟಿದರೆ ಪಾತ್ರ ಬಿಟ್ಟುಕೊಡುತ್ತೇನೆ, ಎರಡನೆಯ ದಾಸಿಗೆ ಅರ್ಧ ಮಾತುಗಳು ಬರುತ್ತವೆ, ಉಳಿದರ್ಧ ಅವಳ ಹಣೆಬರಹ ಎಂದು ಹೇಳಿ ಎದ್ದುಹೋದಳು. ಇಪ್ಪತ್ತೆರಡು ವರ್ಷ ಕಾದು ಪಡೆದದ್ದನ್ನು ತಮ್ಮನೊಬ್ಬ ಹದಿನೈದು ದಿನದಲ್ಲಿ ಹಾಳುಮಾಡಿದ್ದ. ಹೊಸ ಅಚ್ಚು ತೆಗೆದು ಹನ್ನೆರಡು ಮುಖವಾಡಗಳನ್ನು ಮತ್ತೆ ಮಾಡಲು ಸಮಯವಿರಲಿಲ್ಲ. ಇದ್ದ ಭಾವನನ್ನೇ ಭಾವನಲ್ಲದಂತೆ ಮಾಡಬೇಕಿತ್ತು.

ಮೊದಲು ಒಂದಕ್ಕೆ ಮೀಸೆ ಅಂಟಿಸಿದ. ಅದು ಮೀಸೆ ಅಂಟಿಸಿಕೊಂಡ ಭಾವನಾಯಿತು. ಇನ್ನೊಂದರ ಹುಬ್ಬನ್ನು ಮೇಲೆ ಎತ್ತಿದ. ಎಲ್ಲೋ ಏನೋ ಸೀದ ವಾಸನೆ ಬಂದ ಭಾವನಾಯಿತು. ಮೂಗು ಉದ್ದ ಮಾಡಿದಾಗ ಕತ್ತು ಮೇಡಂ ಹಾದುಹೋಗುತ್ತ ಇಣುಕಿ, ಇದು ದುರಂತ ನಾಟಕ, ಸರ್ಕಸ್ಸಲ್ಲ ಎಂದು ಹೇಳಿಹೋದಳು. ನುಂಗುವಂತಿಲ್ಲ, ಉಗುಳುವಂತಿಲ್ಲ. ಹತಾಶನಾದ ಕಸುಬುದಾರ ಕೊನೆಗೆ ಕಸುಬಿಗೇ ಶರಣಾದ.

ಕಟ್ಟುಹಲ್ಲಿನವರಿಗೆಲ್ಲ ತಿಳಿದ ಸತ್ಯವೊಂದಿದೆ: ಮನುಷ್ಯನಿಗೆ ವಯಸ್ಸಾಗುವುದು ಕೂದಲಿನಿಂದಲ್ಲ, ಚರ್ಮದಿಂದಲ್ಲ, ಮೂಗಿನಿಂದ ಗದ್ದದವರೆಗಿನ ಎತ್ತರದಿಂದ. ಹಲ್ಲು ಹೋದಾಗ ಆ ಎತ್ತರ ಕುಸಿಯುತ್ತದೆ, ತುಟಿ ಒಳಸೇರುತ್ತದೆ, ಗದ್ದ ಮುಂದೆ ಬಂದು ಮೂಗನ್ನು ಮಾತಾಡಿಸಲು ನೋಡುತ್ತದೆ. ಮೇಳ ಹೇಗೂ ಮುದುಕರದು. ಭಾವನನ್ನು ಮುದುಕನನ್ನಾಗಿ ಮಾಡಿದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಪ್ರತಿ ಮುಖವಾಡವನ್ನೂ ಮೇಲ್ದುಟಿಯ ಹತ್ತಿರ ಅಡ್ಡಲಾಗಿ ಕತ್ತರಿಸಿ, ಒಂದು ಬೆರಳಗಲದ ಪಟ್ಟಿಯನ್ನು ತೆಗೆದು, ಗದ್ದವನ್ನು ಮುಂದಕ್ಕೆ ತಳ್ಳಿ, ಬಟ್ಟೆಯಿಂದ ಮತ್ತೆ ಬೆಸೆದ. ಎರಡು ಹಗಲು ಬಗ್ಗಿದ ಬೆನ್ನು ಎತ್ತಲಿಲ್ಲ. ದವಡೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದೇ ಕೆಲಸ ಮಾಡಿದವನಿಗೆ ಬಾಯಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಗೋದಾಮಿನ ಗೋಡೆಗೆ ಹನ್ನೆರಡನ್ನೂ ಸಾಲಾಗಿ ತೂಗುಹಾಕಿದ. ಅಕ್ಕ ಒಂದು ಪೆಟ್ಟಿಗೆಯ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು ಚಹಾ ಕುಡಿಯುತ್ತಿದ್ದಳು. ಗೋಡೆಯತ್ತ ತಲೆಯೆತ್ತಿದಳು. ಯಾರೂ ಏನೂ ಹೇಳದೆಯೇ ಕಾಲು ಕೆಳಗಿಳಿಸಿದಳು. ಲೋಟವನ್ನು ಬೆನ್ನ ಹಿಂದೆ ಇಟ್ಟಳು. ನೆಟ್ಟಗೆ ಕೂತಳು.

ಆಗ ಹಲ್ಲಿನವನು ತಾನೂ ನಾಲ್ಕು ಹೆಜ್ಜೆ ಹಿಂದೆ ಸರಿದು ಗೋಡೆಯನ್ನು ನೋಡಿದ.

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದವನ ಗಾದೆ ಎಲ್ಲರಿಗೂ ಗೊತ್ತು. ಗಂಡನನ್ನು ಮರೆಮಾಡಲು ಹೋಗಿ ಗಂಡನ ತಾಯಿಯನ್ನು ಮಾಡಿದವನು ಬಹುಶಃ ಇವನೊಬ್ಬನೇ. ಒಂಬತ್ತು ವರ್ಷದ ಹಿಂದೆ ತೀರಿಕೊಂಡ ಅತ್ತೆ, ಒಬ್ಬರಲ್ಲ, ಹನ್ನೆರಡು ಜನ, ಸುಣ್ಣದ ಬಣ್ಣದಲ್ಲಿ, ಸೊಸೆಯನ್ನು ನೋಡುತ್ತ ಗೋಡೆಯುದ್ದಕ್ಕೂ ನೇತಾಡುತ್ತಿದ್ದರು.

ಅಕ್ಕ ಲೋಟವನ್ನು ಮತ್ತೆ ಮುಂದೆ ತಂದು, ಉಳಿದ ಚಹಾವನ್ನು ಸೊರ್ ಎಂದು ಸದ್ದು ಮಾಡಿ ಕುಡಿದಳು. ಬೇಕೆಂದೇ.

"ಕಟ್ಟಿಕೊಳ್ಳಿ ಎಲ್ಲರೂ," ಎಂದಳು ಮೇಳಕ್ಕೆ. "ಶುರು ಮಾಡೋಣ."

ಅವತ್ತಿನ ತಾಲೀಮನ್ನು ಕಂಡವರು ಮುಂದೆ ವರ್ಷಗಟ್ಟಲೆ ಹೇಳಿಕೊಂಡರು. ಗಂಡನ ಮುಖದೆದುರು ಬತ್ತಿಹೋಗಿದ್ದ ಗಂಟಲು ಅತ್ತೆಯ ಮುಖದೆದುರು ಅಣೆಕಟ್ಟು ಒಡೆದಂತೆ ಹರಿಯಿತು. ಅತ್ತೆ ಬದುಕಿದ್ದ ಹದಿನೆಂಟು ವರ್ಷಗಳಲ್ಲಿ ಮನಸ್ಸಿನಲ್ಲೇ ಸಿದ್ಧಪಡಿಸಿ, ಒಗೆದು, ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದ ಉತ್ತರಗಳಿಗೆ ಕೊನೆಗೂ ಒಂದು ವೇದಿಕೆ ಸಿಕ್ಕಿತ್ತು. ಬಾಗಿಲು ಹಾಕಿಸಿದ್ದು ನಾನೇ ಎಂದು ರಾಣಿ ಗುಡುಗಿದಾಗ ಗೋದಾಮಿನ ತಗಡು ನಡುಗಿತು. ಆದರೆ ವಾದದ ನಡುವೆ ಅವಳು ನಾಟಕದಲ್ಲಿಲ್ಲದ ಮಾತುಗಳನ್ನೂ ಸೇರಿಸತೊಡಗಿದಳು. "ನಾನು ಉಪ್ಪು ಹಾಕಿದ ಮೇಲೆ ಮತ್ತೊಮ್ಮೆ ಉಪ್ಪು ಹಾಕಿ, ಉಪ್ಪಾಯಿತೆಂದು ದೂರಿದ ಹಿರಿಯರೇ" ಎಂದು ಒಮ್ಮೆ. "ನಾನು ಮಡಿಸಿಟ್ಟ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದವರೇ" ಎಂದು ಇನ್ನೊಮ್ಮೆ. ನಾಟಕವನ್ನು ಅನುವಾದಿಸಿದ್ದ ನಿವೃತ್ತ ಪ್ರಾಧ್ಯಾಪಕರು ಎದ್ದು ನಿಂತು, ಮೂಲದಲ್ಲಿ ಉಪ್ಪಿನ ಪ್ರಸ್ತಾಪವೇ ಇಲ್ಲವೆಂದು ಆಕ್ಷೇಪಿಸಿದರು. ಇರಬೇಕಿತ್ತು ಎಂದು ಕತ್ತು ಮೇಡಂ ಅವರನ್ನು ಕೂರಿಸಿದಳು.

ಹೀಗೆ ಅಕ್ಕ ಉಳಿದಳು, ನಾಟಕ ಉಳಿಯಿತು ಎಂದು ಹಲ್ಲಿನವನು ಉಸಿರು ಬಿಡುವಷ್ಟರಲ್ಲಿ ಹೊಸ ತೊಡಕು ಕಾಣಿಸಿತು. ರಾಣಿ ವಾದಿಸುತ್ತಿದ್ದಳು, ಸಿಡಿಯುತ್ತಿದ್ದಳು, ಮೇಳವನ್ನು ಗೋಡೆಯವರೆಗೆ ಹಿಂದೆ ತಳ್ಳುತ್ತಿದ್ದಳು. ಆದರೆ ಮಗಳ ಸುದ್ದಿ ಬಂದ ಮೇಲೆ ಮಂಡಿಯೂರಬೇಕಾದ ಜಾಗದಲ್ಲಿ ಮಂಡಿಯೂರುತ್ತಿರಲಿಲ್ಲ. ನೆಟ್ಟಗೆ ನಿಂತೇ, ಅರ್ಜಿ ತಲುಪಿತು ಎಂಬ ದನಿಯಲ್ಲಿ, ಅಯ್ಯೋ ಮಗಳೇ ಎನ್ನುತ್ತಿದ್ದಳು. ಕತ್ತು ಮೇಡಂ ಬೇಡಿಕೊಂಡಳು, ಬೈದಳು, ತಾನೇ ಹತ್ತು ಸಲ ಬಿದ್ದು ತೋರಿಸಿ ಮಂಡಿ ತರಚಿಕೊಂಡಳು.

"ಅವರ ಮುಂದೆ ಮಾತ್ರ ಆಗಲ್ಲ ಮೇಡಂ," ಎಂದಳು ಅಕ್ಕ. "ಬೇಕಿದ್ರೆ ಆ ಕಡೆ ತಿರುಗಿ ಬೀಳ್ತೀನಿ."

"ಅವರ ಮುಂದೆ ಬೀಳದಿದ್ರೆ ಇದು ದುರಂತ ಅಲ್ಲಮ್ಮ. ಮನೆ ಜಗಳ."

ಪ್ರದರ್ಶನದ ದಿನದವರೆಗೂ ಅದು ಮನೆ ಜಗಳವಾಗಿಯೇ ಉಳಿಯಿತು. ಹಲ್ಲಿನವನು ಕೊನೆಯ ಯತ್ನವಾಗಿ, ಅತ್ತೆಯ ಗದ್ದವನ್ನು ಸ್ವಲ್ಪ ಹಿಂದೆ ತಳ್ಳಲೇ ಎಂದು ಕೇಳಿದಾಗ, ಮುಟ್ಟಿದರೆ ಕೈ ಮುರಿಯುತ್ತೇನೆ ಎಂದಳು ಅಕ್ಕ. ಬಾಯಿ ಬಂದದ್ದು ಆ ಗದ್ದದಿಂದಲೇ. ಮಂಡಿ ಬಗ್ಗದಿರುವುದೂ ಆ ಗದ್ದದಿಂದಲೇ.

ಸಭಾಂಗಣ ತುಂಬಿತ್ತು. ಹಲ್ಲಿನವನು ಪಕ್ಕದ ಪರದೆಯ ಸಂದಿನಲ್ಲಿ ನಿಂತಿದ್ದ. ಎರಡನೆಯ ಸಾಲಿನಲ್ಲಿ ಭಾವ ಕೂತಿದ್ದ, ಇಲಾಖೆಯ ಅಂಗಿಯಲ್ಲಿ, ನೇರವಾಗಿ ಕಚೇರಿಯಿಂದ. ನಗಾರಿ ಬಡಿಯಿತು. ಹನ್ನೆರಡು ಮುಖಗಳು ಕತ್ತಲಿನಿಂದ ಒಂದೇ ಉಸಿರಿನಲ್ಲಿ ತೇಲಿಬಂದು ಬೆಳಕಿಗೆ ಕತ್ತೆತ್ತಿದವು. ಸಭೆ ಬೆರಗಾಯಿತು. ಹಲ್ಲಿನವನು ಜೀವಮಾನದ ಆ ಗಳಿಗೆಯನ್ನು ಸವಿಯಬೇಕಾದವನು ಭಾವನನ್ನೇ ನೋಡುತ್ತಿದ್ದ. ಭಾವ ತನ್ನ ತಾಯಿಯನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಎಣಿಸಿದ. ಬಲದಿಂದ ಎಡಕ್ಕೆ ಇನ್ನೊಮ್ಮೆ ತಾಳೆ ನೋಡಿದ. ಅಮ್ಮ ಹೇಳಿಕೊಟ್ಟ ಹಾಗೆ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿ, ಅಂಗಿಯ ಮೇಲಿನ ಗುಂಡಿಯನ್ನು ಹಾಕಿಕೊಂಡ.

ರಾಣಿಯ ವಾದ ಶುರುವಾಯಿತು. ಉಪ್ಪಿನ ಮಾತಿಗೆ ಸಭೆಯ ಹೆಂಗಸರ ಕಡೆಯಿಂದ ಚಪ್ಪಾಳೆ ಬಂತು. ದೂತ ಓಡಿಬಂದು ಮಗಳ ಸುದ್ದಿ ಹೇಳಿದ. ಮೇಳ ಮೂರು ಹೆಜ್ಜೆ ಮುಂದೆ ಬಂದು, ಕತ್ತು ಬಾಗಿಸಿ, ರಾಣಿ ಬೀಳಲೆಂದು ಕಾಯಿತು. ರಾಣಿ ಕಂಬದಂತೆ ನಿಂತಿದ್ದಳು.

ಆಗ ಎಡತುದಿಯಲ್ಲಿದ್ದ ಕಾರು ಕಲಿಸುವವನ ಮುಖವಾಡದಲ್ಲಿ, ಕೊನೆಯದೆಂದು ಅವಸರದಲ್ಲಿ ಬೆಸೆದಿದ್ದ ಜಾಗದಲ್ಲಿ, ಬಟ್ಟೆ ಬಿಟ್ಟಿತು. ಎಲಾಸ್ಟಿಕ್ ಕಿತ್ತುಬಂತು. ಗದ್ದ ಜೋತುಬಿತ್ತು. ಇನ್ನೊಂದು ಕ್ಷಣ ಕಳೆದರೆ ಊರ ಹಿರಿಯನ ದವಡೆ ಕಳಚಿ ನೆಲಕ್ಕೆ ಬಿದ್ದು, ಮುನ್ನೂರು ಜನ ಬಿದ್ದು ಬಿದ್ದು ನಗಬೇಕು. ಕಾರು ಕಲಿಸುವವನು ಅಪಘಾತ ತಪ್ಪಿಸಿ ಅಭ್ಯಾಸವಿದ್ದವನು. ಥಟ್ಟನೆ ಅಂಗೈ ಎತ್ತಿ ಬಾಯಿಯನ್ನೂ ಗದ್ದವನ್ನೂ ಒಟ್ಟಿಗೆ ಮುಚ್ಚಿ ಒತ್ತಿಹಿಡಿದ. ಒಬ್ಬರ ತಪ್ಪು ಎಲ್ಲರ ತಪ್ಪು. ಉಳಿದ ಹನ್ನೊಂದು ಅಂಗೈಗಳೂ ಮೆಲ್ಲನೆ ಮೇಲೆದ್ದು ಹನ್ನೊಂದು ಬಾಯಿಗಳನ್ನು ಮುಚ್ಚಿದವು. ಬಾಗಿದ ಕತ್ತು, ಬಾಯಿಯ ಮೇಲೆ ಅಂಗೈ, ಅದರ ಮೇಲೆ ಎರಡು ಕಣ್ಣು.

ಆ ಭಂಗಿಯನ್ನು ಹಲ್ಲಿನವನು ಕಂಡಿದ್ದ. ಕೊನೆಯ ಆರು ತಿಂಗಳು ಅತ್ತೆಗೆ ಹಲ್ಲಿರಲಿಲ್ಲ. ಮಗನ ಮುಂದೆ, ನೆರೆಯವರ ಮುಂದೆ ಬೊಚ್ಚುಬಾಯಿಯಲ್ಲೇ ಬೈಯುತ್ತ ಓಡಾಡಿದ ಮುದುಕಿ, ಸೊಸೆ ಕೋಣೆಯೊಳಗೆ ಬಂದರೆ ಮಾತ್ರ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ತನ್ನನ್ನು ಕಂಡರೆ ಅವರಿಗೆ ವಾಕರಿಕೆ ಎಂದು ಅಕ್ಕ ತಿಳಿದಿದ್ದಳು. ಹಾಗಲ್ಲ ಎಂಬುದು ಅವನಿಗೆ ಗೊತ್ತಿತ್ತು. ಹಲ್ಲಿನ ಸೆಟ್ಟು ಬೇಗ ಮಾಡಿಕೊಡು, ಅವಳೆದುರು ಈ ಬಾಯಿ ತೋರಿಸಲಾರೆ ಎಂದು ಅತ್ತೆ ಅವನ ಕೋಣೆಗೆ ನಾಲ್ಕು ಸಲ ಬಂದು ಕೂತಿದ್ದರು. ಆದರೆ ಬಾಯಿಯ ವಿಷಯದಲ್ಲಿ ಗಿರಾಕಿ ಹೇಳಿದ್ದನ್ನು ಕಟ್ಟುಹಲ್ಲಿನವನು ಯಾರಿಗೂ ಹೇಳುವುದಿಲ್ಲ, ಒಡಹುಟ್ಟಿದವಳಿಗೂ ಹೇಳುವುದಿಲ್ಲ. ಸೆಟ್ಟು ಸಿದ್ಧವಾಗುವ ಮೊದಲೇ ಅತ್ತೆ ಹೋಗಿಬಿಟ್ಟರು.

ಅಕ್ಕ ಹನ್ನೆರಡು ಅಂಗೈಗಳನ್ನು ನೋಡಿದಳು. ಒಂದು ಹೆಜ್ಜೆ ಹತ್ತಿರ ಹೋಗಿ, ದೀಪದ ಬೆಳಕಿನಲ್ಲಿ, ಬೆರಳ ಸಂದುಗಳಲ್ಲಿ ಕಾಣುವ ಕುಸಿದ ತುಟಿಗಳನ್ನು ನೋಡಿದಳು. ಅವಳ ಹೆಗಲು ಮೊದಲು ಇಳಿಯಿತು, ಆಮೇಲೆ ಬೆನ್ನು. ಮಂಡಿ ನೆಲಕ್ಕೆ ತಾಗಿದ್ದು ಯಾರಿಗೂ ಕೇಳಿಸಲಿಲ್ಲ. ಅಯ್ಯೋ ಎಂಬ ಒಂದೇ ಮಾತು ಬಂತು. ಮಗಳೇ ಎಂಬುದನ್ನು ಅವಳು ಮರೆತಿದ್ದಳು. ಸಭೆಯಲ್ಲಿ ಯಾರಿಗೂ ಅದರ ಕೊರತೆ ಕಾಣಲಿಲ್ಲ.

ನಾಟಕ ಮುಗಿದ ಮೇಲೆ ಬಣ್ಣದ ಕೋಣೆಯಲ್ಲಿ ಮುಖವಾಡಗಳನ್ನು ಬೆವರು ಆರಲೆಂದು ಉದ್ದನೆಯ ಬೆಂಚಿನ ಮೇಲೆ ಇಟ್ಟಿದ್ದರು. ಕತ್ತು ಮೇಡಂ ಕಣ್ಣೊರೆಸಿಕೊಂಡು ಹಲ್ಲಿನವನ ಎರಡೂ ಕೈ ಹಿಡಿದು, ಆ ಅಂಗೈಯ ಚಲನೆ ಇಡೀ ನಾಟಕಕ್ಕೆ ಕಳಶ, ಮುಂದಿನ ವಾರದ ಎರಡು ಪ್ರದರ್ಶನಗಳಲ್ಲೂ ಮುಖವಾಡ ಹಾಗೆಯೇ, ಅದೇ ಮಾತಿಗೆ ಕಿತ್ತುಬರುವಂತೆ ಮಾಡಿಕೊಡಬೇಕು ಎಂದು ಕೇಳಿದಳು. ಅವನು ಕಿತ್ತುಬರುವಂತೆ ಮಾಡಿದವನೇ ಅಲ್ಲವಾದ್ದರಿಂದ ಮೆಲ್ಲನೆ ಕೈ ಬಿಡಿಸಿಕೊಂಡ. ಭಾವ ಬೆಂಚಿನ ಬಳಿ ಹೋಗಿ, ಮುರಿದ ಮುಖವಾಡವನ್ನು ಎತ್ತಿಕೊಂಡು, ಜೋತುಬಿದ್ದ ಗದ್ದವನ್ನು ಹೆಬ್ಬೆರಳಿನಿಂದ ಮೆಲ್ಲನೆ ಸ್ವಸ್ಥಾನಕ್ಕೆ ಕೂರಿಸಿ, ಅಲ್ಲೇ ಹಿಡಿದುಕೊಂಡು ನಿಂತ.

"ಇದೊಂದನ್ನ ಮನೆಗೆ ತಗೊಂಡು ಹೋಗ್ಲಾ?" ಎಂದ, ಯಾರನ್ನೂ ನೋಡದೆ.

"ಈಗಲ್ಲ," ಎಂದಳು ಅಕ್ಕ, ಕೂದಲಿನ ಪಿನ್ನುಗಳನ್ನು ಒಂದೊಂದಾಗಿ ತೆಗೆಯುತ್ತ. "ಇನ್ನೂ ಎರಡು ಆಟ ಇದೆ. ಆಮೇಲೆ ನೋಡೋಣ, ಎಲ್ಲಿ ನೇತುಹಾಕೋದು ಅಂತ. ಅಡುಗೆಮನೆಯಲ್ಲಂತೂ ಬೇಡ." ಆಮೇಲೆ ತಮ್ಮನತ್ತ ತಿರುಗಿದಳು. "ನೀನು ಆ ಎಲಾಸ್ಟಿಕ್ಕು ಗಟ್ಟಿ ಮಾಡು ಕಣೋ. ಹನ್ನೆರಡಕ್ಕೂ."

ಕತ್ತು ಮೇಡಂ ಗಾಬರಿಯಾಗಿ, ಹಾಗಾದರೆ ಬೀಳುವುದು ಹೇಗೆ ಎಂದು ಕೇಳಿದಳು.

"ಅವರು ಬಾಯಿ ಮುಚ್ಚಿಕೊಳ್ಳೋದು ಬೇಡ ಮೇಡಂ. ಅಷ್ಟು ಕಷ್ಟ ಕೊಡಬಾರದು ಅವರಿಗೆ," ಎಂದಳು ಅಕ್ಕ. "ಬೀಳೋದು ನಾನೇ ಬೀಳ್ತೀನಿ. ಆದ್ರೆ ಉಪ್ಪಿನ ಮಾತು ಮಾತ್ರ ತೆಗೆಯಲ್ಲ."